ನಾಲ್ಕನೇ ಗೇಟಿನ ಜೇಡ

ಬಾವಿಯಿಂದ ಎಂಟು ಕೊಡ ನೀರು ಸೇದಿದ್ದು. ಕೊಡೆಯ ಮುರಿದ ಕಡ್ಡಿಗೆ ನೂಲು ಸುತ್ತಿದ್ದು. ಏಳೂಮುಕ್ಕಾಲರ ಬೋಟು ಸಿಕ್ಕಿದ್ದು. ಆಫೀಸಿನಲ್ಲಿ ಹನ್ನೊಂದು ಬಾಟಲಿಗಳ ಸ್ಪಿರಿಟ್ ಬದಲಿಸಿದ್ದು. ಕೊತ್ತಂಬರಿಯ ಆರು ಚೀಲಗಳಿಂದ ಮಾದರಿ ತೆಗೆದು ಜರಡಿ ಹಿಡಿದದ್ದು. ಕಲ್ಲು ಮಾತ್ರ, ಹುಳ ಇಲ್ಲ. ನಾಲ್ಕನೇ ಗೇಟಿನ ಬೇಲಿಯಿಂದ ಜೇಡ ಒಂದು, ಸ್ಪಿರಿಟ್‌ಗೆ ಹಾಕಿದ್ದು, ಲೇಬಲ್ ಬರೆದದ್ದು, ವರದಿ ಒಪ್ಪಿಸಿದ್ದು. ಬರುವಾಗ ಸರಸುವಿಗೆ ಸೂಜಿ, ಬಿಳಿ ನೂಲು. ಅಪ್ಪನಿಗೆ ಕಾಗದ ಬರೆಯಬೇಕಿತ್ತು, ಬರೆಯಲಿಲ್ಲ.

ಇದು ನನ್ನ ಹಳೆಯ ಡೈರಿಯ ಒಂದು ಪುಟ. ಐವತ್ತರ ದಶಕ ಮುಗಿಯುತ್ತಾ ಬಂದ ಕಾಲದ್ದು. ದಿನದ ಕೆಲಸ ಬರೆದಿಡುವುದು ಅಪ್ಪನಿಂದ ನನಗೆ ಬಂದ ಚಾಳಿ. ಅದರಲ್ಲಿ ಮನಸ್ಸಿನ ಮಾತು ಏನೂ ಇರುವುದಿಲ್ಲ. ಏನು ಮಾಡಿದೆ, ಏನು ತಿಂದೆವು, ಯಾರು ಮೊದಲು ಮಲಗಿದರು, ಇಷ್ಟೆ. ಯಾರು ಮೊದಲು ಮಲಗಿದರೆಂದು ಯಾಕೆ ಬರೆಯಬೇಕು ಎಂದು ನನ್ನ ಹೆಂಡತಿ ಸರಸು ಮದುವೆಯಾದ ಹೊಸತರಲ್ಲಿ ನಕ್ಕಿದ್ದಳು. ಕೊನೆಗೆ ಮಲಗಿದವರದ್ದು ಅಗಳಿ ಹಾಕುವ ಜವಾಬ್ದಾರಿ, ಅದಕ್ಕೆ, ಎಂದಿದ್ದೆ.

ಕಳೆದ ತಿಂಗಳು ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಪುಸ್ತಕದಲ್ಲಿರುವುದು ಬೇಡ, ಕೆಲಸ ನಿಜವಾಗಿ ಹೇಗಿತ್ತು ಬರೆದುಕೊಡಿ ಎಂದರು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ನನ್ನ ಮೊದಲ ಎರಡು ವರ್ಷಗಳ ಕಥೆ ಹೇಳಿದರೆ ಸಾಕು. ಅದನ್ನು ಈತನಕ ಯಾರಿಗೂ ಪೂರ್ತಿ ಹೇಳಿಲ್ಲ.

ನಾನು ಕಾಸರಗೋಡಿನ ಕಡೆಯವನು. ಪ್ರಾಣಿಶಾಸ್ತ್ರ ಓದಿ ಕೊಚ್ಚಿಯ ಬಂದರಿನಲ್ಲಿ ಕೆಲಸಕ್ಕೆ ಸೇರಿದೆ. ಹಡಗಿನಲ್ಲಿ ಬರುವ ಬೀಜ, ಕಾಳು, ಗಿಡಗಳ ಜೊತೆಗೆ ಯಾವ ಹುಳಹುಪ್ಪಟೆ ಒಳಗೆ ಬರುತ್ತದೆ ಎಂದು ನೋಡುವ ಸಣ್ಣ ಆಫೀಸು ನಮ್ಮದು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಎರಡು ಕೋಣೆ, ಒಂದು ಉದ್ದ ಮೇಜು, ಕಪಾಟಿನ ತುಂಬ ಬಾಟಲಿ. ಸರಸು ಮತ್ತು ನಾನು ಕಲೂರಿನಲ್ಲಿ ಬಾಡಿಗೆಗಿದ್ದೆವು. ಆಗ ಅದು ಪೇಟೆಯ ಹೊರಗೆ, ಹಿತ್ತಿಲು ತೋಟಗಳ ನಡುವೆ ಇತ್ತು. ಅಲ್ಲಿಂದ ನಡೆದು ಎರ್ನಾಕುಳಂ ಜೆಟ್ಟಿ, ಜೆಟ್ಟಿಯಿಂದ ಬೋಟು.

ಮೇಲಧಿಕಾರಿ ಕುರುಪ್ ಸಾರ್. ಬಿಳಿ ಪ್ಯಾಂಟು, ಎದೆಯ ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ಸಿಲು. ಅವರ ವಿಷಯದಲ್ಲಿ ಮುಂದೆ ಬರುವುದನ್ನು ಓದಿ ಕೆಟ್ಟವರೆಂದು ತಿಳಿಯಬಾರದು. ಸೇರಿದ ತಿಂಗಳೇ ನಾನೊಂದು ಎಡವಟ್ಟು ಮಾಡಿದ್ದೆ. ನನ್ನ ಅಕ್ಷರ ಚೆಂದ ಎಂಬ ಜಂಬದಲ್ಲಿ ಒಂಬತ್ತು ಬಾಟಲಿಗಳಿಗೆ ಆಫೀಸಿನ ನೀಲಿ ಶಾಯಿಯಲ್ಲಿ ಲೇಬಲ್ ಬರೆದು ಒಳಗೆ ಹಾಕಿದೆ. ಮರುದಿನ ಬಂದು ನೋಡಿದರೆ ಲೇಬಲ್‌ಗಳೆಲ್ಲ ಬೆಳ್ಳಗೆ, ಸ್ಪಿರಿಟ್ ನೀಲಿ, ಒಳಗಿನ ಹುಳಗಳೂ ನೀಲಿ. ಯಾವುದು ಯಾವ ಚೀಲದ್ದೆಂದು ಹೇಳುವ ಹಾಗಿರಲಿಲ್ಲ. ಕುರುಪ್ ಸಾರ್ ಬೈಯಲಿಲ್ಲ. ಕಿಸೆಯಿಂದ ಒಂದು ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟು, ತಾವೂ ತೋಳು ಮಡಚಿ ನನ್ನ ಜೊತೆ ಗೋದಾಮಿಗೆ ಬಂದರು. ಒಂಬತ್ತೂ ಮಾದರಿಗಳನ್ನು ಮತ್ತೆ ಇಬ್ಬರೂ ಕೂತು ಜರಡಿ ಹಿಡಿದೆವು. ಸ್ಪಿರಿಟ್‌ನಲ್ಲಿ ಪೆನ್ಸಿಲ್ ಗೀಟು ಅಳಿಯುವುದಿಲ್ಲ. ಇವತ್ತು ಬೇರೆ ಬೇರೆ ಶಾಯಿ ಬಂದಿರಬಹುದು, ಆದರೂ ಕಿಸೆಯಲ್ಲಿ ಒಂದು ಪೆನ್ಸಿಲ್ ಇರಲಿ.

ಅವರು ಕಲಿಸಿದ ಇನ್ನೊಂದು ಪಾಠ ನಮ್ಮ ವೃತ್ತಿಯ ಮೂಲ. ಗುರುತು ಹತ್ತದ ಜೀವಿಯನ್ನು, ಗುರುತು ಹತ್ತುವ ತನಕ, ಹಾನಿಕಾರಕ ಎಂದೇ ಎಣಿಸಬೇಕು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಒಮ್ಮೆ ಅವರೆ ಬೀಜದ ಒಂದು ರಾಶಿಯಲ್ಲಿ ಯಾವ ಪುಸ್ತಕದಲ್ಲೂ ಇಲ್ಲದಂಥ ಒಂದು ಬಿಳಿ ಹುಳ ಸಿಕ್ಕಿತು. ವ್ಯಾಪಾರಿ ಬಂದು ಕಾಲು ಹಿಡಿಯುವುದೊಂದು ಬಾಕಿ. ಕುರುಪ್ ಸಾರ್ ಜಗ್ಗಲಿಲ್ಲ, ರಾಶಿಗೆಲ್ಲ ಹೊಗೆ ಹಾಕಿಸಿದರು. ನಾಲ್ಕು ತಿಂಗಳ ಮೇಲೆ ಆ ಹುಳದ ಹೆಸರು ಬಂತು. ಒಳಗೆ ಬಿಟ್ಟಿದ್ದರೆ ಊರಿನ ಅವರೆಯೇ ಹಾಳಾಗುತ್ತಿತ್ತು. ಅಂದಿನಿಂದ ಆ ನಿಯಮವೆಂದರೆ ನನಗೆ ದೇವರ ಮಾತು. ಕಾಳಿನ ಹುಳಕ್ಕೆ ಮಾಡಿದ ನಿಯಮವನ್ನು ಬೇರೆ ಕಡೆಗೆ ತೆಗೆದುಕೊಂಡು ಹೋದರೆ ಏನಾಗುತ್ತದೆಂದು ಆಗ ನಾನು ಯೋಚಿಸಿದವನಲ್ಲ.

ಈಗ ಪತ್ರೋಸನ ವಿಷಯ.

ಪತ್ರೋಸ್ ನಾಲ್ಕನೇ ಗೇಟಿನ ಕಾವಲುಗಾರ. ಮೊದಲು ಚೀಲ ಹೊರುತ್ತಿದ್ದ. ಒಂದು ಸಲ ಚೀಲಗಳ ಸಾಲು ಕುಸಿದು ಬಲಗಾಲು ಮಂಡಿಯ ಕೆಳಗೆ ಮುರಿಯಿತು, ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಭಾರ ಹೊರುವ ಹಾಗಿರಲಿಲ್ಲ. ಗೇಟಿನಲ್ಲಿ ಕೂರುವ ಕೆಲಸ ತಾತ್ಕಾಲಿಕವಾಗಿ ಕೊಟ್ಟಿದ್ದರು. ಮುಂದಿನ ತಿಂಗಳು ಕಾಯಂ ಮಾಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಅದನ್ನು ಅವನೇ ನನಗೆ ಮೂರು ಸಲ ಹೇಳಿದ್ದ. ಕಾಯಂ ಆದರೆ ಹೆಂಡತಿಯನ್ನು ಪರರ ಮನೆಯ ಕೆಲಸ ಬಿಡಿಸುತ್ತೇನೆ ಎಂದೂ ಹೇಳಿದ್ದ. ನನ್ನ ಕಾಸರಗೋಡಿನ ಮಲಯಾಳಂ ಕೇಳಿ ಬಂದರಿನಲ್ಲಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನೊಬ್ಬ ನಗುತ್ತಿರಲಿಲ್ಲ. ನಿಧಾನಕ್ಕೆ ಮಾತಾಡುತ್ತಿದ್ದ, ನನಗೆ ಅರ್ಥವಾಗಲಿ ಎಂದು.

ಒಂದು ಬೆಳಿಗ್ಗೆ ಅವನು ನನ್ನನ್ನು ಕೂಗಿ ಗೇಟಿನ ಪಕ್ಕದ ತಂತಿ ಬೇಲಿ ತೋರಿಸಿದ. ಹಿನ್ನೀರಿನ ಕಡೆಗೆ ಒಂದಿಷ್ಟು ಗಿಡಗಂಟಿ ಬೆಳೆದು ತಂತಿಗೆ ಹಬ್ಬಿತ್ತು. ಅದರ ನಡುವೆ ಒಂದು ದುಂಡನೆಯ ಬಲೆ. ಬಲೆಯ ಮಧ್ಯದಲ್ಲಿ ಬಿಳಿ ನೂಲಿನಿಂದ ಒತ್ತಾಗಿ ನೇಯ್ದ, ನಾಲ್ಕಾಣೆ ನಾಣ್ಯದಷ್ಟು ಅಗಲದ ಒಂದು ಚಾಪೆ. ಆ ಚಾಪೆಯ ಮೇಲೆ ಬೆಳ್ಳಿ ಬಣ್ಣದ ಸಣ್ಣ ಜೇಡ. ನಾನು ಅಂಥದ್ದನ್ನು ನೋಡಿರಲಿಲ್ಲ.

“ಸಾರೇ, ಇದು ಈ ಊರಿನ ಎಟ್ಟುಕಾಲಿಯಾ, ಹಡಗಿನಲ್ಲಿ ಬಂದದ್ದಾ?”

ಎಟ್ಟುಕಾಲಿ ಎಂದರೆ ಎಂಟು ಕಾಲಿನದು, ಜೇಡಕ್ಕೆ ಅವರ ಮಾತು. ನೋಡೋಣ ಎಂದೆ. ಅವನು ಬೆಂಕಿಪೊಟ್ಟಣ ತೆರೆದು ತೋರಿಸಿದ. ಒಳಗೆ ಜೇಡ ಕಳಚಿದ ಎರಡು ಪೊರೆಗಳು, ಕಾಲುಗಳೆಲ್ಲ ಹಾಗೇ ಇದ್ದ ಖಾಲಿ ಜೇಡಗಳು. ಎರಡು ಅಂಗಿ ಬಿಚ್ಚಿತು, ಇನ್ನೂ ಬಿಚ್ಚುತ್ತದೆ, ಎಂದ. ಕಸ ಗುಡಿಸುವ ಹೆಂಗಸಿಗೆ ಅಷ್ಟು ಬೇಲಿಯನ್ನು ಮುಟ್ಟಬೇಡ ಎಂದು ಹೇಳಿಟ್ಟಿದ್ದಾನಂತೆ. ಬೆಳಿಗ್ಗೆ ಬಂದ ಕೂಡಲೇ ಅದನ್ನೊಮ್ಮೆ ನೋಡಿ ಕೂರುತ್ತಾನಂತೆ. ಆ ದಾರಿಯಲ್ಲಿ ಹೋಗುವ ಕೂಲಿಯವರು, ಪತ್ರೋಸ್ ಚೇಟ್ಟಾ, ನಿನ್ನ ಮಗಳಿಗೆ ಮದುವೆ ಯಾವಾಗ, ಎಂದು ರೇಗಿಸುತ್ತಿದ್ದರು. ಅವಳು ಇನ್ನೂ ಚಿಕ್ಕವಳು, ಎಂದು ಇವನು ನಗುತ್ತಿದ್ದ.

ಒಂದು ವಾರ ನಾನು ದಿನಾ ಅದರ ಮುಂದೆ ಹಾದುಹೋದೆ. ಒಂದು ದಿನವೂ ಬಲೆಯ ಚಿತ್ರ ಬರೆದುಕೊಳ್ಳಲಿಲ್ಲ. ನೆಲದಿಂದ ಎಷ್ಟು ಎತ್ತರ, ತಲೆ ಕೆಳಗೋ ಮೇಲೋ, ಏನೂ ಬರೆಯಲಿಲ್ಲ. ನನಗೆ ಕೊತ್ತಂಬರಿ, ಅವರೆ, ಒಣಮೀನಿನ ಹುಳಗಳೇ ಕೆಲಸ ಎಂಬ ಭಾವನೆ.

ಆಮೇಲೆ ಔಸೇಪನ ಕೈ ಊದಿತು.

ಔಸೇಪ್ ಚೀಲ ಹೊರುವವರ ತಂಡದ ಗಟ್ಟಿಯಾಳು. ಬೆಳಿಗ್ಗೆ ಬಂದಾಗ ಅಂಗೈ ಕೆಂಪಗೆ ಉಬ್ಬಿ ಬೆರಳು ಮಡಚಲಾಗುತ್ತಿರಲಿಲ್ಲ. ಹಿಂದಿನ ದಿನ ಬೆವರು ಒರೆಸಿಕೊಳ್ಳಲು ಗೇಟಿನ ಬೇಲಿಗೆ ಒರಗಿ ನಿಂತಿದ್ದನಂತೆ. ಪತ್ರೋಸನ ಎಟ್ಟುಕಾಲಿ ಕಚ್ಚಿದೆ ಎಂದು ಯಾರೋ ಅಂದರು. ಅರ್ಧ ಗಂಟೆಯಲ್ಲಿ ಅದು ವಿದೇಶದ ಜೇಡವಾಯಿತು, ಹಡಗಿನಲ್ಲಿ ಬಂದದ್ದಾಯಿತು, ಕಚ್ಚಿದರೆ ಮೂರು ದಿನದ ಮೇಲೆ ಬದುಕಿಲ್ಲ ಎಂದಾಯಿತು. ತಂಡದವರು ಚೀಲ ಇಳಿಸಿ ಕೂತರು. ಅದು ಏನೆಂದು ಹೇಳಿದರೆ ಮಾತ್ರ ಆ ಗೇಟಿನಲ್ಲಿ ಕಾಲಿಡುತ್ತೇವೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕೈ ಹೋದರೆ ಅನ್ನ ಹೋದ ಹಾಗೆ, ಹೊರುವವರಿಗೆ.

ಕುರುಪ್ ಸಾರ್ ನನ್ನನ್ನು ಕರೆದು, ಜೇಡ ಹಿಡಿದು ತಂದು ಇವತ್ತೇ ವರದಿ ಕೊಡು ಎಂದರು. ಬಾಟಲಿ, ಇಕ್ಕಳ ಹಿಡಿದು ಗೇಟಿಗೆ ಹೋದೆ. ಪತ್ರೋಸ್ ಎದ್ದು ನಿಂತ. ಸೊಟ್ಟ ಕಾಲಿನವನು ಏಳಲು ಎಷ್ಟು ಕಷ್ಟಪಡುತ್ತಿದ್ದ ಎಂದರೆ ಸಾಮಾನ್ಯವಾಗಿ ನಾವೇ ಬೇಡ ಬೇಡ ಎನ್ನುತ್ತಿದ್ದೆವು. ಆ ದಿನ ನಾನು ಅನ್ನಲಿಲ್ಲ.

“ಸಾರೇ, ಒಂದು ವಾರ ಬಿಡಿ. ತಿನ್ನುವುದು ನಿಲ್ಲಿಸಿದೆ, ಅಂದರೆ ಅಂಗಿ ಬಿಚ್ಚುವ ಹೊತ್ತು. ದೊಡ್ಡದಾದ ಮೇಲೆ ಅದು ಏನೆಂದು ನಿಮಗೂ ತಿಳಿಯುತ್ತದೆ, ಅವರಿಗೂ ತಿಳಿಯುತ್ತದೆ. ಬೇಕಿದ್ದರೆ ಸೊಳ್ಳೆಪರದೆಯ ಬಟ್ಟೆ ಸುತ್ತಿ ಇಡುತ್ತೇನೆ, ಯಾರಿಗೂ ತಾಗುವುದಿಲ್ಲ.”

ಅವನು ಹೇಳಿದ್ದು ಸರಿ. ಪ್ರಾಣಿಶಾಸ್ತ್ರ ಓದಿದ ನನಗಿಂತ ಸರಿ. ಬಲೆ ಸಮೇತ ಪರದೆ ಕಟ್ಟಿ ಕಾಯಬಹುದಿತ್ತು. ಗಾಜಿನ ಭರಣಿಯಲ್ಲಿ ಜೀವಂತ ಇಡಬಹುದಿತ್ತು. ಆದರೆ ಸುತ್ತ ಇಪ್ಪತ್ತು ಜನ ನಿಂತು ನೋಡುತ್ತಿದ್ದರು, ನಾನು ಆಫೀಸಿನವನು, ಅವನು ಕಾವಲುಗಾರ. ಇದು ನಿನ್ನ ಕೆಲಸವಲ್ಲ ಪತ್ರೋಸೇ, ಎಂದೆ. ಜೇಡವನ್ನು ಬಾಟಲಿಗೆ ತಳ್ಳಿ ಬಿರಡೆ ಹಾಕಿದೆ. ಕಾಲು ಮಡಚಿಕೊಳ್ಳಲು ಅದು ಸ್ವಲ್ಪವೇ ಹೊತ್ತು ತೆಗೆದುಕೊಂಡಿತು. ಬೆಳ್ಳಿ ಬಣ್ಣ ಆಫೀಸು ತಲಪುವಷ್ಟರಲ್ಲೇ ಮಾಸತೊಡಗಿತ್ತು.

ನಮ್ಮ ವರದಿ ಕಾಗದದಲ್ಲಿ ಹೆಸರು, ಎಲ್ಲಿ ಸಿಕ್ಕಿತು, ಎಷ್ಟು, ಸ್ವಭಾವ, ಷರಾ ಎಂದು ಕಾಲಂಗಳು. ಹೆಸರಿನ ಎದುರು ತಿಳಿದಿಲ್ಲ ಎಂದು ಬರೆದೆ. ಸ್ವಭಾವದ ಕಾಲಂ ಖಾಲಿ ಬಿಟ್ಟೆ. ಕುರುಪ್ ಸಾರ್ ಕಾಗದ ತಿರುಗಿಸಿ ಕೊಟ್ಟರು. ಖಾಲಿ ಕಾಲಂ ಇರುವ ಕಾಗದಕ್ಕೆ ಅವರು ಯಾವತ್ತೂ ರುಜು ಹಾಕಿದವರಲ್ಲ. ನಿಯಮ ನಿನಗೆ ಗೊತ್ತುಂಟಲ್ಲ ಎಂದರು, ಅಷ್ಟೆ. ಹೀಗೆ ಬರೆ ಎಂದು ಹೇಳಲಿಲ್ಲ. ನಾನೇ ಬರೆದೆ, ಇಂಗ್ಲಿಷಿನಲ್ಲಿ: ಹಾನಿಕಾರಕ, ಬೇರೆ ತಿಳಿಯುವವರೆಗೆ.

ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಆಫೀಸಿನೊಳಗೆ ಆ ಮಾತಿಗೆ ಅರ್ಥ ಬೇರೆ. ನಮಗೆ ಅದರರ್ಥ ಇದರ ಬಗ್ಗೆ ಇನ್ನೂ ಏನೂ ಗೊತ್ತಿಲ್ಲ ಎಂದು. ಹೊರಗೆ ಹೋದಾಗ ಬೇರೆ ತಿಳಿಯುವವರೆಗೆ ಎಂಬುದು ದಾರಿಯಲ್ಲೇ ಉದುರಿಹೋಯಿತು. ಹಾನಿಕಾರಕ ಎಂದು ಸರ್ಕಾರದ ಹುಳದ ಆಫೀಸರೇ ಬರೆದುಕೊಟ್ಟಿದ್ದಾರೆ ಎಂದು ಮಧ್ಯಾಹ್ನದೊಳಗೆ ಇಡೀ ಐಲ್ಯಾಂಡಿಗೆ ಗೊತ್ತಾಯಿತು. ಸಂಜೆಗೆ ಬೇಲಿಯ ಗಿಡಗಂಟಿ ಕಡಿದು ಡಿಡಿಟಿ ಹೊಡೆದರು. ತಂಡದವರು ಕೆಲಸಕ್ಕೆ ಎದ್ದರು. ಶನಿವಾರ ಪತ್ರೋಸನನ್ನು ಗೇಟಿನಿಂದ ತೆಗೆದರು. ಗೊತ್ತಿದ್ದೂ ಗೊತ್ತಿದ್ದೂ ವಿಷದ ಜಂತುವನ್ನು ಸಾಕಿದ, ಗುಡಿಸದಂತೆ ತಡೆದ, ಎಂದು ಕಾರಣ. ಅದಕ್ಕೆ ಆಧಾರವಾಗಿ ನನ್ನ ಕಾಗದದ ನಕಲು.

ನಾನು ಆ ದಿನ ಬೇರೆ ಶೆಡ್ಡಿನಲ್ಲಿದ್ದೆ. ಸೋಮವಾರ ಗೇಟಿನಲ್ಲಿ ಬೇರೊಬ್ಬ ಕೂತಿದ್ದ.

ಹತ್ತು ದಿನ ಕಳೆದ ಮೇಲೆ ಔಸೇಪ್ ಎದುರು ಸಿಕ್ಕಿದ. ಕೈ ಗುಣವಾಗಿತ್ತು. ಡಾಕ್ಟರು ಕೀವು ತೆಗೆದಾಗ ಒಳಗೆ ಬಿದಿರಿನ ಸಿಬಿರು ಸಿಕ್ಕಿತು ಎಂದು ಬೆರಳ ಉಗುರಿನ ಮೇಲೆ ಅಳತೆ ತೋರಿಸಿದ. ಹಾಗಾದರೆ ಜೇಡ ಕಚ್ಚಿದ್ದಲ್ಲವಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಅದು ಹಾನಿಕಾರಕ ಎಂದು ನೀವೇ ಬರೆದದ್ದಲ್ಲವಾ ಸಾರೇ, ನನ್ನನ್ನು ಕಚ್ಚದಿದ್ದರೆ ನಾಳೆ ಇನ್ನೊಬ್ಬನನ್ನು ಕಚ್ಚುತ್ತಿತ್ತು, ಎಂದ. ಹೆಸರು ಗೊತ್ತಾದರೆ ಉತ್ತರ ಸಿಗುತ್ತದೆ ಎಂದುಕೊಂಡೆ. ಹೆಸರು ಸಿಕ್ಕಿ, ಅದು ನಿರಪಾಯದ ಜೇಡ ಎಂದಾದರೆ, ಪತ್ರೋಸನ ಜಾಗ ತಿರುಗಿ ಕೇಳಬಹುದು.

ತಿಂಗಳಿಗೊಮ್ಮೆ ಗುರುತು ಹತ್ತದ ಮಾದರಿಗಳನ್ನು ತಿರುವನಂತಪುರಕ್ಕೆ ಕೊಂಡುಹೋಗಿ ತಿಳಿದವರಿಗೆ ತೋರಿಸುವ ಕ್ರಮವಿತ್ತು. ಆ ಸಲ ನಾನೇ ಹೋಗುತ್ತೇನೆಂದು ಕೇಳಿ ಹೋದೆ. ರೈಲು ಅಲ್ಲಿಯವರೆಗೆ ನೇರ ಹೋಗಲು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಬಾಟಲಿಯನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಎದುರು ಕೂತ ಅಮ್ಮಚ್ಚಿಯೊಬ್ಬಳು ಗುರುವಾಯೂರಿನ ಪ್ರಸಾದವೋ ಎಂದು ಕೇಳಿದಳು. ಸ್ಟೇಷನ್ನಿನ ಎದುರು ತಂಪಾನೂರಿನ ಒಂದು ಲಾಡ್ಜಿನಲ್ಲಿ ಕೈಚೀಲ ಇಟ್ಟು, ಮುಖ ತೊಳೆದು, ಕಾಲೇಜಿನಿಂದ ನಿವೃತ್ತರಾಗಿದ್ದ ಒಬ್ಬ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಜೇಡದ ವಿಷಯದಲ್ಲಿ ಆಗ ಅವರೊಬ್ಬರೇ.

ಮೇಷ್ಟ್ರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೇಡವನ್ನು ಗಾಜಿನ ತಟ್ಟೆಗೆ ಹಾಕಿ, ಹೊಟ್ಟೆಯ ಭಾಗ ಮೇಲೆ ಮಾಡಿ, ಮಸೂರದಲ್ಲಿ ನೋಡಿದರು. ನೋಡಿದ್ದು ಒಂದೇ ಸಲ.

“ಇದು ಮರಿ. ಕೊನೆಯ ಪೊರೆ ಕಳಚಿದ ಮೇಲೆಯೇ ಹೊಟ್ಟೆಯ ಅಡಿಯಲ್ಲಿ ಗುರುತು ಮೂಡುವುದು, ಆ ಗುರುತು ನೋಡಿಯೇ ಹೆಸರು ಹೇಳುವುದು. ನೋಡು, ಹೊಸ ಚರ್ಮ ಒಳಗೆ ತಯಾರಾಗಿದೆ. ನಾಲ್ಕೈದು ದಿನ ಕಾದಿದ್ದರೆ ಸಾಕಿತ್ತು. ಯಾಕೆ ಕಾಯಲಿಲ್ಲ?”

ಆಫೀಸಿನಲ್ಲಿ ಅವಸರವಿತ್ತು ಎಂದೆ. ಬಣ್ಣ ಏನಿತ್ತು ಎಂದು ಕೇಳಿದರು. ಬೆಳ್ಳಿ ಎಂದೆ. ಈಗ ಅದು ನೆನೆಸಿದ ಅವಲಕ್ಕಿಯ ಬಣ್ಣಕ್ಕೆ ಬಂದಿತ್ತು. ಬಲೆ ಹೇಗಿತ್ತು ಎಂದು ಕೇಳಿದರು. ದುಂಡಗೆ, ನಡುವೆ ಬಿಳಿ ಚಾಪೆ, ಎಂದೆ. ಅವರು ಮಸೂರ ಕೆಳಗಿಟ್ಟರು. ಲೇಬಲ್‌ನಲ್ಲಿ ಯಾಕೆ ಬರೆದಿಲ್ಲ ಎಂದರು. ನಮ್ಮ ಕಾಗದದಲ್ಲಿ ಬಲೆಗೆ ಕಾಲಂ ಇಲ್ಲ ಎಂದೆ. ಮೇಷ್ಟ್ರು ನಗಲಿಲ್ಲ. ನನಗೊಂದು ಸಂಶಯ ಉಂಟು, ಆದರೆ ಮರಿಯನ್ನು ನೋಡಿ ಬರೆದುಕೊಡಲಾರೆ, ಎಂದರು. ಅಂಥದ್ದೇ ಇನ್ನೊಂದು ಹುಡುಕು, ಮುಟ್ಟಬೇಡ, ದಿನಾ ನೋಡು, ನೋಡಿದ್ದನ್ನು ನನಗೆ ಬರೆ. ಅಷ್ಟು ಹೇಳಿ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು. ಪತ್ರೋಸ್ ಹೇಳಿದ್ದನ್ನೇ ಅವರೂ ಹೇಳಿದ್ದು. ಅದನ್ನು ಎರಡನೇ ಸಲ ಕೇಳಲು ನಾನು ಒಂದು ದಿನದ ರೈಲು ಪ್ರಯಾಣ ಮಾಡಿದ್ದೆ.

ಇನ್ನೊಂದು ಎಲ್ಲಿ ಹುಡುಕಲಿ? ಗೇಟಿನ ಬೇಲಿ ಬೋಳಾಗಿತ್ತು. ನಾನು ಆಫೀಸಿನ ವಿಷಯ ಮನೆಯಲ್ಲಿ ಆಡುತ್ತಿರಲಿಲ್ಲ. ಹುಳದ ಮಾತು ಊಟದ ಹೊತ್ತಿಗೆ ಬೇಡ ಎಂದು ಸರಸುವೇ ಮೊದಲಿಗೆ ಹೇಳಿದ್ದಳು. ತಿರುವನಂತಪುರದಿಂದ ಬಂದ ಸಂಜೆ ಮಾತ್ರ ಎಲ್ಲ ಹೇಳಿದೆ. ಪತ್ರೋಸನ ಕಾಲು, ಬೆಂಕಿಪೊಟ್ಟಣ, ನನ್ನ ಕಾಗದ, ಮೇಷ್ಟ್ರು. ಕೊನೆಗೆ ಬಲೆಯ ಚಾಪೆಯನ್ನು ನೆಲದ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದೆ. ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡು, ಬನ್ನಿ ಎಂದು ಹಿತ್ತಿಲಿಗೆ ನಡೆದಳು. ಬಟ್ಟೆ ಒಣಗಿಸುವ ಹಗ್ಗದ ಆಚೆಗೆ ದಾಸವಾಳದ ಸಾಲಿತ್ತು. ಎಲೆ ಸರಿಸಿ ತೋರಿಸಿದಳು. ದುಂಡನೆಯ ಬಲೆ, ಬಿಳಿ ಚಾಪೆ, ಬೆಳ್ಳಿ ಜೇಡ. ಒಂದಲ್ಲ, ಮೂರು.

“ಇದನ್ನು ಕೇಳ್ಲಿಕ್ಕೆ ತಿರುವನಂತಪುರಕ್ಕೆ ಹೋದದ್ದಾ ನೀವು? ನನ್ನ ಹತ್ರ ಕೇಳಿದ್ರೆ ಆಗ್ತಿರ್ಲಿಲ್ವಾ? ಸ್ವಲ್ಪ ದೊಡ್ಡ ಆದ ಮೇಲೆ ಈ ಚಾಪೆ ಹಾಕುದಿಲ್ಲ. ಅಡ್ಡಡ್ಡ ಗೀಟು ಹಾಕ್ತದೆ, ನಮ್ಮ ಊರಲ್ಲಿ ಬೇಲಿ ತುಂಬ ಇರುದಿಲ್ವಾ, ಅದೇ.”

ಅಡ್ಡಡ್ಡ ಗೀಟು. ಬಲೆಯ ನಡುವೆ ಗುಣಾಕಾರದ ಚಿಹ್ನೆಯಂತೆ ದಪ್ಪ ಬಿಳಿ ಗೀಟು ಹಾಕಿ, ಎರಡೆರಡು ಕಾಲು ಜೋಡಿಸಿ ಅದರ ಮೇಲೆ ಕೂರುವ ಹಳದಿ ಪಟ್ಟೆಯ ಜೇಡ. ಅದನ್ನು ನೋಡದ ಮಕ್ಕಳಿಲ್ಲ. ಕೂಲಿಯವರಲ್ಲಿ ಯಾರನ್ನು ಕೇಳಿದರೂ ಅದು ಏನೂ ಮಾಡುವುದಿಲ್ಲ ಸಾರೇ ಎನ್ನುತ್ತಿದ್ದರು. ಚಾಪೆಯ ಜೇಡವೇ ಬೆಳೆದು ಅದಾಗುತ್ತದೆಂದು ನನಗೆ ನಂಬಿಕೆ ಬರಲಿಲ್ಲ. ನಂಬದೆ ಕಾದದ್ದು ಆ ಸಲ ಒಳ್ಳೆಯದೇ ಆಯಿತು. ದಿನಾ ಬೋಟಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ನೋಡಿದೆ, ಬಲೆಯ ಚಿತ್ರ ಬರೆದೆ. ನಾನಿಲ್ಲದಾಗ ಸರಸು ನೋಡಿದಳು. ಇವತ್ತು ಎಂತದೂ ತಿನ್ಲಿಲ್ಲ, ಎಂದು ವರದಿ ಕೊಟ್ಟಳು, ಯಾವ ಕಾಲಮೂ ಇಲ್ಲದ ವರದಿ. ಒಂಬತ್ತನೆಯ ಬೆಳಿಗ್ಗೆ, ಮೂರು ಜೇಡಗಳಲ್ಲಿ ದೊಡ್ಡದರ ಪೊರೆ ಬಲೆಯಲ್ಲಿ ತೂಗುತ್ತಿತ್ತು. ಪಕ್ಕದಲ್ಲಿ ಅದೇ ಜೇಡ, ಮೈಗೆ ಹಳದಿ ಪಟ್ಟೆ ಬಂದು. ಮರುದಿನ ಕಟ್ಟಿದ ಬಲೆಯಲ್ಲಿ ಚಾಪೆ ಇರಲಿಲ್ಲ. ಗುಣಾಕಾರದ ಗೀಟು ಇತ್ತು. ಚಿತ್ರಗಳ ನಕಲು ಮಾಡಿ ಮೇಷ್ಟ್ರಿಗೆ ಕಳಿಸಿದೆ. ಅವರ ಉತ್ತರ ವಾರದಲ್ಲಿ ಬಂತು. ಹೆಸರು ಬರೆದಿದ್ದರು. ಮನುಷ್ಯರಿಗೆ ನಿರಪಾಯ, ಇಡೀ ಕರಾವಳಿಯಲ್ಲಿ ಸಾಮಾನ್ಯ, ಎಂದೂ ಬರೆದಿದ್ದರು.

ಸರಸು ಕಾಗದ ಓದಿಸಿಕೊಂಡು, ಇದನ್ನು ಆಫೀಸಿನಲ್ಲಿ ಕೊಡಿ, ಆ ಪತ್ರೋಸನಿಗೂ ಹೇಳಿ ಬನ್ನಿ, ಎಂದಳು.

ತಿದ್ದುಪಡಿಯ ಟಿಪ್ಪಣಿ ಬರೆದೆ. ಒಂದೇ ಪುಟ. ಕುರುಪ್ ಸಾರ್ ನಿಂತುಕೊಂಡೇ ಓದಿದರು. ಬಾಗಿಲು ಮುಚ್ಚಿ, ನನ್ನನ್ನು ಕೂರಿಸಿ ಮಾತಾಡಿದರು. ಒಂದು ತಿಂಗಳ ಹಿಂದೆ ಹಾನಿಕಾರಕ ಎಂದವನು ಈಗ ನಿರಪಾಯ ಎಂದರೆ, ನಾಳೆ ನಾವು ಒಂದು ಹಡಗಿನ ಸರಕು ತಡೆದಾಗ ನಮ್ಮ ಮಾತು ಯಾರು ಕೇಳುತ್ತಾರೆ ಎಂದರು. ನಿನ್ನ ಪ್ರೊಬೇಷನ್ ಕಾಗದ ಈ ತಿಂಗಳೇ ಮೇಲೆ ಹೋಗುತ್ತದೆ ಎಂಬುದನ್ನೂ ಹೇಳಿದರು. ಹೆದರಿಸಲು ಹೇಳಿದ್ದಲ್ಲ. ಅವರಿಗೆ ನನ್ನ ಮೇಲೆ ಪ್ರೀತಿಯೇ ಇತ್ತು.

“ನೀನು ಪುಟ್ ಅಪ್ ಮಾಡಿದರೆ ನಾನು ತಡೆಯುವುದಿಲ್ಲ. ರುಜು ಹಾಕಿ ಕಳಿಸುತ್ತೇನೆ. ಯೋಚನೆ ಮಾಡು.”

ಆ ಮಾತಿನ ಮೇಲೆ ನಾನು ಇಡೀ ಜೀವಮಾನ ಭಾರ ಹಾಕಲು ನೋಡಿದ್ದೇನೆ. ಅವರು ಬೇಡ ಎಂದಿದ್ದರೆ ಎಷ್ಟು ಸುಲಭವಿತ್ತು. ಅವರು ಅನ್ನಲಿಲ್ಲ. ಟಿಪ್ಪಣಿಯನ್ನು ಚೀಲದಲ್ಲಿಟ್ಟುಕೊಂಡೆ. ನಾಳೆ ಕೊಡುತ್ತೇನೆ ಎಂದು ಹದಿನೈದು ದಿನ ಅದನ್ನು ಬೋಟಿನಲ್ಲಿ ಕೊಂಡುಹೋದೆ, ಬೋಟಿನಲ್ಲಿ ತಂದೆ. ಅಷ್ಟರಲ್ಲಿ ಕಾಯಂ ಆದವರ ಪಟ್ಟಿ ಹೊರಬಿತ್ತು. ನಾಲ್ಕನೇ ಗೇಟಿಗೆ ಬೇರೆ ಹೆಸರು. ತಿಂಗಳ ಕೊನೆಗೆ ನಾನೂ ಕಾಯಂ ಆದೆ. ಇನ್ನು ಕೊಟ್ಟು ಏನು ಪ್ರಯೋಜನ ಎಂದು ಟಿಪ್ಪಣಿಯನ್ನು ಡೈರಿಯೊಳಗೆ ಇಟ್ಟೆ. ಈಗಲೂ ಅಲ್ಲೇ ಇದೆ. ಪೆನ್ಸಿಲಿನಲ್ಲಿ ಬರೆದದ್ದು, ಒಂದಕ್ಷರವೂ ಅಳಿದಿಲ್ಲ.

ಹೊಸಬರಿಗೆ ಹೇಳಬೇಕಾದ ಕೆಲಸದ ಮಾತು ಕೆಲವು ಇವೆ. ಒಂದೇ ಒಂದು ಸಿಕ್ಕಿದ್ದರೆ ಕೊಲ್ಲಬೇಡಿ. ಜೇಡಕ್ಕಿಂತ ಮೊದಲು ಬಲೆಯನ್ನು ನೋಡಿ. ಸ್ಪಿರಿಟ್ ಬಣ್ಣ ತಿನ್ನುತ್ತದೆ, ಮೊದಲೇ ಬರೆದುಕೊಳ್ಳಿ. ಈಗ ನಿಮಗೆ ಬಣ್ಣದ ಫೋಟೋ ಇದೆ, ನಾವು ವಾರಗಟ್ಟಲೆ ತಿಣುಕಿದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೀರಿ. ಆದರೆ ಆ ಕಾಗದ ಇನ್ನೂ ಬದಲಾಗಿಲ್ಲ ಎಂದು ನೀವೇ ಹೇಳಿದಿರಿ. ಸ್ವಭಾವದ ಕಾಲಂ ಈಗಲೂ ಉಂಟಂತೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಎಷ್ಟು ಸಲ ತಿರುಗಿ ಬಂದರೂ ಅದನ್ನೇ ಬರೆಯಿರಿ. ಬರೆದದ್ದು ತಪ್ಪೆಂದು ತಿಳಿದ ದಿನವೇ ತಿದ್ದಿರಿ. ಎರಡನೆಯ ದಿನಕ್ಕೆ ಅದು ಕಷ್ಟವಾಗುತ್ತದೆ.

ಪತ್ರೋಸನನ್ನು ಮತ್ತೆ ನೋಡಿದ್ದು ಮಳೆ ನಿಂತ ಮೇಲೆ, ಎರ್ನಾಕುಳಂ ಜೆಟ್ಟಿಯಲ್ಲಿ. ಸಂಜೆಯ ಬೋಟಿನಿಂದ ಇಳಿದೆ. ಮೆಟ್ಟಿಲ ಪಕ್ಕ ಸೊಟ್ಟ ಕಾಲು ಚಾಚಿ, ಬುಟ್ಟಿಯಲ್ಲಿ ಹುರಿದ ನೆಲಗಡಲೆ ಇಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಏಳಲು ಹೋದ. ಈ ಸಲ ಬೇಡ ಎಂದೆ. ಹೆಂಡತಿ ಇನ್ನೂ ಆ ಮನೆಗಳ ಕೆಲಸಕ್ಕೆ ಹೋಗುತ್ತಾಳಾ ಎಂದು ಕೇಳಿದೆ. ಹೋಗುತ್ತಾಳೆ, ಈಗ ಒಂದು ಮನೆ ಹೆಚ್ಚಾಗಿದೆ, ಎಂದ. ಔಸೇಪ್ ಹೇಗಿದ್ದಾನೆ, ಕುರುಪ್ ಸಾರಿಗೆ ಸುಖವಾ, ಎಲ್ಲ ವಿಚಾರಿಸಿದ. ತನ್ನ ಗೇಟಿನ ಮಾತು ಎತ್ತಲೇ ಇಲ್ಲ. ನಾನು ಹೊರಡುವಾಗ ಕೇಳಿದ:

“ಸಾರೇ, ಅದರ ಹೆಸರು ಸಿಕ್ಕಿತಾ?”

ಹೆಸರು ಚೀಲದಲ್ಲೇ ಇತ್ತು. ಮೇಷ್ಟ್ರ ಕಾಗದ, ಹತ್ತು ದಿನದ ಚಿತ್ರಗಳು. ಅದು ನಮ್ಮ ಬೇಲಿಯ ಜೇಡವೇ ಪತ್ರೋಸೇ, ನೀನು ಹೇಳಿದ ಹಾಗೆ ಒಂದು ವಾರ ಬಿಟ್ಟಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು, ಎನ್ನಬೇಕಿತ್ತು. ಹಾಗೆಂದರೆ ಮುಂದಿನ ಪ್ರಶ್ನೆ ಬರುತ್ತದೆ. ಯಾವಾಗ ತಿಳಿಯಿತು ಸಾರೇ, ತಿಳಿದ ಮೇಲೆ ಏನು ಮಾಡಿದಿರಿ.

“ಇನ್ನೂ ಸಿಕ್ಕಿಲ್ಲ” ಎಂದೆ.

“ಸಾರಮಿಲ್ಲ. ನಿಧಾನಕ್ಕೆ ಸಿಗ್ತದೆ. ಸಿಕ್ಕಿದಾಗ ನನಗೊಂದು ಮಾತು ಹೇಳಿ ಸಾರೇ, ನಾನು ಇಲ್ಲೇ ಇರುತ್ತೇನೆ.” ಪರವಾಗಿಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿ, ಒಂದು ಕಾಗದದ ಪೊಟ್ಟಣ ಕಡಲೆ ಕಟ್ಟಿ ಕೈಗಿಟ್ಟ. ಎಷ್ಟು ಒತ್ತಾಯ ಮಾಡಿದರೂ ಕಾಸು ಮುಟ್ಟಲಿಲ್ಲ.

ವರ್ಗವಾಗುವ ತನಕ ನಾನು ಜೆಟ್ಟಿಯ ಆ ಬದಿಯ ಮೆಟ್ಟಿಲು ಹತ್ತಲಿಲ್ಲ. ಸುತ್ತು ಹಾಕಿ ಬೇರೆ ಕಡೆಯಿಂದ ಬರುತ್ತಿದ್ದೆ.

ಆ ಸಂಜೆ ಪೊಟ್ಟಣ ನೋಡಿ ಸರಸು ಎಲ್ಲಿಯದು ಎಂದಳು. ಪತ್ರೋಸ್ ಸಿಕ್ಕಿದ್ದ, ಅವನು ಕೊಟ್ಟದ್ದು, ಎಂದೆ. ಅವಳ ಮುಖ ಅರಳಿತು. ಹೆಸರು ಹೇಳಿದ್ರಾ ಅವನಿಗೆ, ಎಂದು ಕೇಳಿದಳು. ಹೇಳಿದೆ ಎಂದೆ. ಎಂತ ಹೇಳಿದ ಎಂದಳು. ಖುಷಿಪಟ್ಟ ಎಂದೆ.

ಡೈರಿಯಲ್ಲಿ ಆ ದಿನ ಇಷ್ಟೇ ಇದೆ: ಬಾವಿ ನೀರು ಎಂಟು ಕೊಡ. ಮೆಣಸಿನ ಚೀಲ ಹದಿನಾಲ್ಕು, ಹುಳ ಇಲ್ಲ. ರಾತ್ರಿ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಆಮೇಲೆ ನೆಲಗಡಲೆ. ಸರಸು ಮೊದಲು ಮಲಗಿದಳು. ಅಗಳಿ ನಾನು ಹಾಕಿದೆ.